ಬಿಸಿಲಿನ ಬೆಳೆ

ತುಮಕೂರು ಜಿಲ್ಲೆಯ ಪಾವಗಡವೆಂದರೆ ಬರದ ಸೀಮೆಯೆಂದೇ ಹೆಸರು. ಕಡಲೆಕಾಯಿ ಬಿತ್ತಿ ಮುಗಿಲನ್ನು ನೋಡುತ್ತ ಕುಳಿತ ರೈತನಿಗೆ ಬಿಸಿಲೊಂದನ್ನುಳಿದು ಬೇರೇನೂ ಧಾರಾಳವಾಗಿ ದೊರೆತದ್ದಿಲ್ಲ. ಅಂತಹ ನೆಲದಲ್ಲಿ, ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಗಳಲ್ಲಿ, ಇಂದು ಆ ಬಿಸಿಲನ್ನೇ ಬೆಳೆಯಾಗಿ ಕೊಯ್ಯುತ್ತಿದ್ದಾರೆ! 2019ರ ಕೊನೆಯಲ್ಲಿ ಪೂರ್ಣಗೊಂಡ ಈ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟು.

ಬಿಸಿಲು ವಿದ್ಯುತ್ತಾಗುವುದೆಂತು? ಮಹಡಿಗಳ ಮೇಲೆ ಸ್ನಾನದ ನೀರು ಕಾಯಿಸುವ ಸೌರಯಂತ್ರವನ್ನು ವಾಚಕರು ಕಂಡಿರಬಹುದು. ಅದು ಸೂರ್ಯನ ಶಾಖವನ್ನು ಬಳಸುವುದು, ಇದಾದರೋ ಬೆಳಕನ್ನು. ಎರಡೂ ಬೇರೆ ಬೇರೆ.

ಮರಳಿನಿಂದ ಬೇರ್ಪಡಿಸಿ ಶುದ್ಧಗೊಳಿಸಿದ ಸಿಲಿಕಾನ್ ಎಂಬ ಮೂಲವಸ್ತುವೇ ಇಲ್ಲಿಯ ನಾಯಕ. ಅದರ ತೆಳುವಾದ ಬಿಲ್ಲೆಯ ಒಂದು ಪದರದಲ್ಲಿ ಎಳ್ಳಿಗಿಂತಲೂ ಕಡಿಮೆ ರಂಜಕವನ್ನೂ ಇನ್ನೊಂದರಲ್ಲಿ ಬೋರಾನನ್ನೂ ಬೆರೆಸುತ್ತಾರೆ. ರಂಜಕವಿರುವೆಡೆ ಚಲಿಸಬಲ್ಲ ಎಲೆಕ್ಟ್ರಾನುಗಳು ಹೆಚ್ಚು. ಬೋರಾನಿರುವೆಡೆ ಅವುಗಳ ಕೊರತೆ. ಎರಡೂ ಕೂಡುವ ಗಡಿಯಲ್ಲಿ ವಿದ್ಯುತ್ ಕ್ಷೇತ್ರವೊಂದು ನೆಲೆಗೊಳ್ಳುತ್ತದೆ. ಬೆಳಕಿನ ಕಣವು ತಾಕಿದೊಡನೆ ಎಲೆಕ್ಟ್ರಾನೊಂದು ಕಟ್ಟು ಕಳಚಿಕೊಳ್ಳುತ್ತದೆ. ಗಡಿಯ ಕ್ಷೇತ್ರವು ಅದನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ. ಹೊರಗಿನ ತಂತಿಯಲ್ಲಿ ಹಾದು ಅದು ಮತ್ತೊಂದು ಬದಿಗೆ ಮರಳುವುದೇ ವಿದ್ಯುತ್ ಪ್ರವಾಹ. ಉರಿಯಿಲ್ಲ, ಹೊಗೆಯಿಲ್ಲ, ತಿರುಗುವ ಚಕ್ರವಿಲ್ಲ!

ಒಂದು ಬಿಲ್ಲೆ ನೀಡುವುದು ಸುಮಾರು ಅರ್ಧ ವೋಲ್ಟು ಮಾತ್ರ. ಆದುದರಿಂದ ಹತ್ತಾರು ಬಿಲ್ಲೆಗಳನ್ನು ಸರಪಣಿಯಂತೆ ಜೋಡಿಸಿ ಫಲಕ ಮಾಡುತ್ತಾರೆ. ಅದರಿಂದ ಹೊರಡುವುದು ಏಕಮುಖ ಪ್ರವಾಹ; ಮನೆಯ ಬಳಕೆಗೆ ಇನ್ವರ್ಟರು ಅದನ್ನು ಪರ್ಯಾಯ ಪ್ರವಾಹವಾಗಿ ಮಾರ್ಪಡಿಸುತ್ತದೆ. ಇರುಳಿಗೆ ಬೇಕಾದರೆ ಬ್ಯಾಟರಿಯಲ್ಲಿ ಕೂಡಿಡಬೇಕು. ವಿಚಿತ್ರವೆಂದರೆ, ಫಲಕಕ್ಕೆ ಬಿಸಿಲು ಬೇಕು, ಬಿಸಿ ಬೇಡ: ಮೈ ಕಾದಷ್ಟೂ ಅದರ ಇಳುವರಿ ಕುಗ್ಗುತ್ತದೆ. ಧೂಳು ಕವಿದರೂ ಅಷ್ಟೆ.

ಬೆಳಕಿನ ಈ ಗುಣವನ್ನು ಮೊದಲು ಕಂಡವನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್, 1839ರಲ್ಲಿ. ಸಿಲಿಕಾನಿನ ಉಪಯುಕ್ತ ಸೌರಕೋಶವು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸಿದ್ಧವಾದುದು 1954ರಲ್ಲಿ. ಬಿದ್ದ ಬೆಳಕಿನ ನೂರರಲ್ಲಿ ಆರು ಪಾಲನ್ನಷ್ಟೇ ಅದು ವಿದ್ಯುತ್ತಾಗಿಸುತ್ತಿತ್ತು; ಇಂದಿನ ಒಳ್ಳೆಯ ಫಲಕಗಳು ಇಪ್ಪತ್ತನ್ನು ದಾಟಿವೆ. 1975ರಲ್ಲಿ ಅಂತರಿಕ್ಷಕ್ಕೇರಿದ, ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಿತವಾದ ಆರ್ಯಭಟವೂ ಮೈಮೇಲೆ ಸೌರಕೋಶಗಳನ್ನು ಹೊದ್ದಿತ್ತು. ಅಂದು ಉಪಗ್ರಹದ ಆಭರಣವಾಗಿದ್ದುದು ಇಂದು ಬೀದಿಯ ದೀಪಕ್ಕೂ ತೋಟದ ಪಂಪಿಗೂ ಇಳಿದು ಬಂದಿದೆ.

ಪಾವಗಡದಲ್ಲಿ ಸರ್ಕಾರವು ರೈತರ ಹೊಲಗಳನ್ನು ಕೊಂಡುಕೊಳ್ಳಲಿಲ್ಲ; ಗೇಣಿಗೆ ಪಡೆಯಿತು. ಮೊದಲು ಗೊತ್ತಾದುದು ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ಬಂದರೂ ಸರಿ, ಬಾರದಿದ್ದರೂ ಸರಿ, ಹಿಡುವಳಿದಾರನಿಗೆ ಇದು ನಿಶ್ಚಿತವಾದ ಆದಾಯ. ಆದರೆ ಆ ಹೊಲದಲ್ಲಿ ಕಳೆ ಕಿತ್ತು ಕೂಲಿ ಪಡೆಯುತ್ತಿದ್ದವಳಿಗೆ, ಕೊಯ್ಲಾದ ಮೇಲೆ ಕುರಿ ಮೇಯಿಸುತ್ತಿದ್ದವನಿಗೆ ಗೇಣಿಯ ಪತ್ರವಿಲ್ಲ. ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ಕೆಲವರಿಗೆ ದೊರೆಯಿತು, ಎಲ್ಲರಿಗೂ ಅಲ್ಲ.

ಬಿಸಿಲು ಯಾರೊಬ್ಬರ ಹಿಡುವಳಿಯೂ ಅಲ್ಲ. ಅದರಿಂದ ವಿದ್ಯುತ್ತು ತೆಗೆಯುವ ವಿದ್ಯೆ ನಮಗೆ ಕೈವಶವಾಗಿದೆ. ಅದರ ಫಲವನ್ನು ನೆಲವಿಲ್ಲದವನ ಗುಡಿಸಲಿಗೂ ಮುಟ್ಟಿಸುವ ವಿದ್ಯೆಯನ್ನು ಇನ್ನು ಕಲಿಯಬೇಕಾಗಿದೆ.