ಹಂಚುವುದು, ಹಂಚಿಕೊಳ್ಳುವುದು: ಜಾಲಸಂವಹನದ ಕನ್ನಡ ಕ್ರಿಯಾಪದಗಳಲ್ಲಿ ಕರ್ತೃವಿನ ಸ್ಥಾನ

ಮೆಚ್ಚಿನ ಹಾಡು, ನಗೆಯ ವಿಡಿಯೊ, ಹೊಸ ತಂತ್ರಾಂಶದ ಸುದ್ದಿ, ರಾಜಕೀಯ ಅಭಿಪ್ರಾಯ ಇವನ್ನು ಮೊಬೈಲಿನ ಮೂಲಕ ಪರರಿಗೆ ಮುಟ್ಟಿಸುವ ಕ್ರಿಯೆಯನ್ನು ಇಂಗ್ಲಿಷು ಬಹುಮಟ್ಟಿಗೆ 'ಶೇರ್' ಎಂಬ ಒಂದೇ ಧಾತುವಿನಿಂದ ಹೇಳಿಬಿಡುತ್ತದೆ. ಕನ್ನಡದಲ್ಲಿ ಇದೇ ಕ್ರಿಯೆಯು ಕಳಿಸು, ಹಾಕು, ಇಡು, ಬಿಡು, ಹಂಚು, ಹಂಚಿಕೊಳ್ಳು, ಶೇರ್ ಮಾಡು, ಫಾರ್ವರ್ಡ್ ಮಾಡು ಎಂದು ಹಲವು ಕವಲಾಗಿದೆ. ಇದನ್ನು ಎರವಲಿನ ಗೊಂದಲವೆಂದು ಬದಿಗಿಡುವುದು ವಾಡಿಕೆ. ಆದರೆ ಈ ಆಯ್ಕೆಗಳ ಹಿಂದೆ ಒಂದು ವ್ಯಾಕರಣವಿದೆ. ಅದರ ಕೇಂದ್ರದಲ್ಲಿರುವುದು -ಕೊಳ್ಳು ಎಂಬ ಸಹಾಯಕ ಕ್ರಿಯಾಪದ.

-ಕೊಳ್ಳು ರೂಪವನ್ನು ಆತ್ಮಾರ್ಥಕವೆಂದು ವಿವರಿಸುವ ಸಂಪ್ರದಾಯ ಹಳೆಯದು. ಜೆಫ್ರಿ ಲಿಡ್ಜ್ 2001ರಲ್ಲಿ ಕನ್ನಡದ ಈ ರೂಪವನ್ನೇ ಆಧಾರವಾಗಿಟ್ಟುಕೊಂಡು ಆತ್ಮಾರ್ಥಕ ಕ್ರಿಯಾಪದಗಳ ಕಾರಕ ರಚನೆಯನ್ನು ಚರ್ಚಿಸಿದ್ದಾರೆ. ಇಲ್ಲಿ ನಮಗೆ ಬೇಕಾದುದು ಅದರ ಸರಳ ಮುಖ: ಕ್ರಿಯೆಯ ಫಲ ಕರ್ತೃವಿನ ಕಡೆಗೇ ಮರಳುತ್ತದೆ ಎಂಬ ಸೂಚನೆ. ಜಾಲದ ಕ್ರಿಯಾಪದಗಳು ಈ ನಿಯಮವನ್ನು ಅಚ್ಚುಕಟ್ಟಾಗಿ ಪಾಲಿಸುತ್ತವೆ. ಡೌನ್‌ಲೋಡ್ ಮಾಡಿಕೋ, ಸೇವ್ ಮಾಡಿಕೋ, ಇಳಿಸಿಕೋ ಎಂಬಲ್ಲಿ -ಕೊಳ್ಳು ಸಹಜ. ಅಪ್‌ಲೋಡ್ ಮಾಡು, ಏರಿಸು ಎಂಬಲ್ಲಿ ಅದು ಬೇಕಾಗುವುದಿಲ್ಲ. 'ಫೋಟೋ ಕಳಿಸಿದೆ' ಎಂದರೆ ಬೇರೆಯವರಿಗೆ. 'ಫೋಟೋ ಕಳಿಸಿಕೊಂಡೆ' ಎಂದರೆ ನನ್ನ ಕೈಗೇ ಬಂತು. 'ಸ್ಟೇಟಸ್ ಹಾಕಿಕೊಂಡಿದ್ದಾನೆ' ಎಂಬುದು ಸಹಜ ವಾಕ್ಯ. 'ಗ್ರೂಪಿಗೆ ಹಾಕಿಕೊಂಡಿದ್ದಾನೆ' ಎಂಬುದು ಕಿವಿಗೆ ಒಗ್ಗುವುದಿಲ್ಲ. ಸ್ಟೇಟಸ್ ತನ್ನದು, ಗ್ರೂಪು ನಾಲ್ಕು ಜನರದು.

ಹಾಗಿದ್ದರೆ 'ಹಂಚಿಕೊಳ್ಳು' ಎಂಬುದು ಅಪವಾದವೇ? ಹೊರಮುಖವಾದ ಕ್ರಿಯೆಗೆ -ಕೊಳ್ಳು ಹೇಗೆ ಅಂಟಿತು? ಈ ವಾಕ್ಯಗಳನ್ನು ಗಮನಿಸಬಹುದು:

1. ಮೇಷ್ಟ್ರು ಮಕ್ಕಳಿಗೆ ಸಿಹಿ ಹಂಚಿದರು.
2. ಅಣ್ಣತಮ್ಮಂದಿರು ಹೊಲ ಹಂಚಿಕೊಂಡರು.
3. ಅವಳು ಗೆಳತಿಯೊಂದಿಗೆ ದುಃಖ ಹಂಚಿಕೊಂಡಳು.
4. ಅವನು ಗೆಳೆಯರೊಂದಿಗೆ ಹಾಡು ಹಂಚಿಕೊಂಡನು.

ಮೊದಲನೆಯದರಲ್ಲಿ ಪಡೆಯುವವರು ಚತುರ್ಥಿಯಲ್ಲಿದ್ದಾರೆ. ಕೊಟ್ಟವರ ಬಳಿ ಕೊಟ್ಟದ್ದು ಉಳಿಯುವುದಿಲ್ಲ. ಎರಡನೆಯದರಲ್ಲಿ ಕರ್ತೃ ಬಹುವಚನ, ಅರ್ಥ ಪರಸ್ಪರ. ಪ್ರತಿಯೊಬ್ಬನಿಗೂ ಪಾಲು ಬರುತ್ತದೆ, ಆದರೆ ಇಡಿಯಾಗಿ ಯಾರಿಗೂ ಇಲ್ಲ. ಮೂರನೆಯದರಲ್ಲಿ ಕರ್ತೃ ಏಕವಚನವಾಗಿ, ಇನ್ನೊಬ್ಬಾಕೆ 'ಒಂದಿಗೆ' ಎಂಬ ಸಹಾರ್ಥದಲ್ಲಿ ಬರುತ್ತಾಳೆ. ನಾಲ್ಕನೆಯದು ಈ ಮೂರನೆಯ ಚೌಕಟ್ಟನ್ನೇ ಎರವಲು ಪಡೆದಿದೆ. ಹಾಡು ಕಳಿಸಿದವನ ಬಳಿಯೂ ಪೂರ್ತಿ ಉಳಿಯುತ್ತದೆ, ಪಡೆದವನ ಬಳಿಯೂ ಪೂರ್ತಿ ಇರುತ್ತದೆ; 'ಪಾಲು ಮಾಡು' ಎಂಬ ಮೂಲಾರ್ಥ ಇಲ್ಲಿ ಕರಗಿಹೋಗಿದೆ. (ಪತ್ರಿಕಾ ವರದಿಗಳ 'ಅನುಭವ ಹಂಚಿಕೊಂಡರು' ಎಂಬ ಸವಕಲು ಪದಪುಂಜ ಈ ದಾರಿಯನ್ನು ಮೊದಲೇ ಸವೆಸಿಟ್ಟಿತ್ತು.)

ಇಂಗ್ಲಿಷ್ ನಾಮವನ್ನು ಎರವಲು ತಂದಾಗಲೂ ಈ ವ್ಯತ್ಯಾಸ ಅಳಿದಿಲ್ಲ ಎಂಬುದು ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ. 'ವಿಡಿಯೊ ಶೇರ್ ಮಾಡಿದ' ಎನ್ನುತ್ತೇವೆ. 'ಮನಸ್ಸಿನ ಮಾತು ಶೇರ್ ಮಾಡಿಕೊಂಡ' ಎನ್ನುತ್ತೇವೆ. ದಾಟಿಸಿದ ಸರಕಿಗೆ -ಕೊಳ್ಳು ಇಲ್ಲ, ಸ್ವಂತದ ಸಂಗತಿಗೆ ಇದೆ. ಅಂದರೆ ಸಂಗತಿ ಯಾರದು ಎಂಬುದನ್ನು ಕನ್ನಡದ ಕ್ರಿಯಾಪದ ತನ್ನ ಬಾಲದಲ್ಲಿ ಹೊತ್ತು ತಿರುಗುತ್ತದೆ.

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯಂಥ ಹೋಬಳಿ ಕೇಂದ್ರದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ಈ ರೇಷ್ಮೆ ಸೀಮೆಯಲ್ಲಿ ಅನೇಕರಿಗೆ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ; ಗೂಡಿನ ವ್ಯಾಪಾರದಲ್ಲಿ ಉರ್ದುವೂ ಕೇಳಿಸುತ್ತದೆ. ಹಾಡು ಭಾಷೆಯ ಗಡಿ ದಾಟುವುದು ಇಲ್ಲಿ ಹೊಸದಲ್ಲ: ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ರಚಿಸಿದವರು. ಕನ್ನಡ ಶಾಲೆಯಲ್ಲಿ ಕಲಿತ ತೆಲುಗರು ತೆಲುಗನ್ನು ಕನ್ನಡ ಲಿಪಿಯಲ್ಲಿ ಬರೆಯುವುದೂ ಅಷ್ಟೇ ಸಹಜ.

ತೆಲುಗಿನ 'ಪಂಚುಕೊನು' ನಮ್ಮ 'ಹಂಚಿಕೊಳ್ಳು' ಎಂಬುದರ ಸಜಾತಿ. ಕನ್ನಡದಲ್ಲಿ ಪದಾದಿ ಪಕಾರ ಹಕಾರವಾದುದರಿಂದ ನಂಟು ಕಣ್ಣಿಗೆ ಮರೆಯಾಗಿದೆಯಷ್ಟೆ. -ಕೊನು, -ಕೊಳ್ಳು ಎರಡೂ ಒಂದೇ ಮೂಲದವು. ಹೀಗಾಗಿ ಈ ಭಾಗದ ದ್ವಿಭಾಷಿಕನ ಎರಡು ಮಾತುಗಳಲ್ಲಿ ಈ ವ್ಯಾಕರಣ ಒಂದೇ ಆಗಿರುವುದನ್ನು ಕಂಡೊಡನೆ ಭಾಷಾಸಂಪರ್ಕದ ಫಲವೆಂದು ಹೇಳಲಾಗದು. ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಕುಪ್ವಾಡದ ಬಗೆಗೆ ತೋರಿಸಿದ ಸಮರೂಪತೆ ಎದ್ದುಕಾಣುವುದಕ್ಕೆ ಒಂದು ಕಾರಣ, ಅಲ್ಲಿ ಕನ್ನಡದ ಎದುರು ನಿಂತದ್ದು ಮರಾಠಿ ಮತ್ತು ಉರ್ದು. ಇಲ್ಲಿ ಎರಡೂ ದ್ರಾವಿಡ. ಸಂಪರ್ಕದ ಸುಳಿವು ಸಿಗುವುದಾದರೆ 'ಸ್ಟೇಟಸ್ ಇಡು', 'ಸ್ಟೇಟಸ್ ಹಾಕು' ಎಂಬ ಪೈಪೋಟಿಯಲ್ಲಿ ಸಿಗಬೇಕು. ತೆಲುಗಿನಲ್ಲಿ 'ಪೆಟ್ಟು' ಪ್ರಬಲ, ಅದಕ್ಕೆ ಅರ್ಥದಲ್ಲಿ ಹತ್ತಿರವಾದುದು 'ಇಡು'. ಆದರೆ 'ಇಡು' ಮೈಸೂರಿನಲ್ಲೂ ಕೇಳುವ ರೂಪ; ಪ್ರಮಾಣವನ್ನು ಎಣಿಸಿಯೇ ತೀರ್ಮಾನಿಸಬೇಕು. ಸಂಶೋಧನಾರ್ಥಿಗಳಿಗೆ ಇದೊಂದು ಒಳ್ಳೆಯ ವಿಷಯ.

ಕರ್ತೃವನ್ನು ಮರೆಸುವ ಕೆಲಸ 'ಆಗು' ಎಂಬುದರದು. ಜಾಗ್ವಾರ್ (2016) ಚಿತ್ರದ ಸಮಾರಂಭದಲ್ಲಿ ಎಚ್.ಡಿ. ಕುಮಾರಸ್ವಾಮಿ ಮಗನನ್ನು ಕರೆದ 'ನಿಖಿಲ್ ಎಲ್ಲಿದ್ದೀಯಪ್ಪ' ಎಂಬ ಮಾತು 2019ರ ಮಂಡ್ಯ ಲೋಕಸಭಾ ಚುನಾವಣೆಯ ಹೊತ್ತಿಗೆ ರಾಜ್ಯದಾದ್ಯಂತ ಹರಡಿತು. ಕಿರಿಯರನ್ನು ಅಕ್ಕರೆಯಿಂದ ಕರೆಯುವ '-ಅಪ್ಪ' ಅದರಲ್ಲಿ ಅಣಕದ ಕೊಂಡಿಯಾಯಿತು. ಹೆಸರಿನ ಜಾಗದಲ್ಲಿ ಯಾರನ್ನು ಬೇಕಾದರೂ ಕೂರಿಸಬಹುದಾದ ಅಚ್ಚು ಸಿದ್ಧವಾಯಿತು. ಅದನ್ನು ವರ್ಣಿಸುವಾಗ ಎಲ್ಲರೂ ಹೇಳಿದ್ದು 'ವೈರಲ್ ಆಯಿತು' ಎಂದೇ. 'ವೈರಲ್ ಮಾಡಿದರು' ಎಂಬ ರೂಪವೂ ಭಾಷೆಯಲ್ಲಿದೆ, ಆದರೆ ಅದನ್ನು ಬಳಸಿದೊಡನೆ ಆರೋಪವಾಗುತ್ತದೆ. 'ಟ್ರೋಲ್ ಮಾಡು', 'ಟ್ರೋಲ್ ಆಗು' ಜೋಡಿಯೂ ಹಾಗೆಯೇ: ಎರಡನೆಯದರಲ್ಲಿ ಅಣಕಕ್ಕೆ ಗುರಿಯಾದವರೇ ವಾಕ್ಯದ ಕರ್ತೃ, ಅಣಕಿಸಿದವರು ಕಾಣೆ.

ನಗೆಯ ವಿಷಯದಲ್ಲಿ ಇದು ವಿನೋದ. ಆದರೆ 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿದ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಕೊಂದಿತು. ಅದೇ ತಿಂಗಳು ಆ ಸಂಸ್ಥೆ ಫಾರ್ವರ್ಡ್ ಆದ ಸಂದೇಶಗಳಿಗೆ ಗುರುತುಪಟ್ಟಿ ಹಚ್ಚಿತು; ಭಾರತದಲ್ಲಿ ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ದಾಟಿಸದಂತೆ ಮಿತಿಯನ್ನೂ ಪ್ರಕಟಿಸಿತು. ಆ ಗುರುತುಪಟ್ಟಿ ಹೇಳುವುದು ಸಂದೇಶ ದಾಟಿಬಂದದ್ದು ಎಂದಷ್ಟೇ, ಯಾರಿಂದ ಹೊರಟಿತೆಂದಲ್ಲ. ನಮ್ಮ ಆಡಳಿತ ಕನ್ನಡದ '-ಲಾಗಿದೆ' ಕೂಡ ಇದೇ ಕೆಲಸ ಮಾಡುತ್ತದೆ. ಆಡುಮಾತಿನಲ್ಲಾದರೆ 'ಬಂದಿತ್ತು, ಹಾಗೇ ಕಳಿಸಿದೆ' ಎಂಬ ವಾಕ್ಯ: ಮೊದಲ ಕ್ರಿಯಾಪದದಲ್ಲಿ ಕಳಿಸಿದವರಿಲ್ಲ, ಎರಡನೆಯದರಲ್ಲಿ -ಕೊಳ್ಳು ಇಲ್ಲ. 'ಹಾಗೇ' ಎಂಬ ಅವ್ಯಯ ಉಳಿದ ಹೊಣೆಯನ್ನೂ ಇಳಿಸುತ್ತದೆ. ಸುಳ್ಳುಸುದ್ದಿ ಹರಡಿದ ಪ್ರಕರಣಗಳಲ್ಲಿ ಕನ್ನಡದ ಹೇಳಿಕೆಯನ್ನು ಇಂಗ್ಲಿಷಿಗೆ ತರುವವರು 'ಹಂಚಿಕೊಂಡ', 'ಹಂಚಿದ', 'ಕಳಿಸಿದ' ಮೂರನ್ನೂ 'ಶೇರ್' ಎಂದೇ ಬರೆದರೆ, ಮಾತಾಡಿದವನು ಒಪ್ಪಿದ್ದೆಷ್ಟು, ಒಪ್ಪದೆ ಬಿಟ್ಟದ್ದೆಷ್ಟು ಎಂಬುದು ಕಡತದಿಂದಲೇ ಅಳಿದುಹೋಗುತ್ತದೆ.