ಪುಟಾಣಿ ಘಾಟಿಗೆ ಮಳೆಯ ಸದ್ದು
ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಮಾದರಿ ಕಟ್ಟಿದ್ದೀರಾ? ರೈಲಿನ ಸದ್ದೊಂದೇ ಸಾಲದು, ಕಾಡಿಗೂ ದನಿ ಬೇಕು!

ಡಿಎಫ್‌ಪ್ಲೇಯರ್ ಮಿನಿ ಎಂಬ, ಸದ್ದಿನ ಫೈಲು ನುಡಿಸುವ ಚಿಕ್ಕ ಬೋರ್ಡಿಗೆ ಮೆಮೊರಿ ಕಾರ್ಡ್ ಹಾಕಿ, ಅದನ್ನು ನಿಯಂತ್ರಿಸುವ ಆರ್ಡುಯಿನೊ ಬೋರ್ಡನ್ನೂ ಸ್ಪೀಕರನ್ನೂ ಜೋಡಿಸಿ. ಸ್ಪೀಕರನ್ನು ಬರಿದೇ ಬಿಡಬೇಡಿ. ಅದರ ಮುಂದಿನ ಅಲೆಯನ್ನು ಹಿಂದಿನ ಅಲೆಯೇ ನುಂಗಿ, ಗುಡುಗು ಸೊರಗಿಬಿಡುತ್ತದೆ. ಸಂದಿಲ್ಲದ ಪುಟ್ಟ ಡಬ್ಬಿಗೆ ಕೂರಿಸಿ, ಗುಡ್ಡದೊಳಗೆ ಅಡಗಿಸಿ.

ನನಗೆ ಬಹಳ ಇಷ್ಟವಾದ ಉಪಾಯ ಇದು: ಮಳೆಗೆ ಒಂದು ಬೋರ್ಡು, ಜೀರುಂಡೆಗೆ ಇನ್ನೊಂದು. ಮಳೆಯ ಫೈಲು 7 ನಿಮಿಷ, ಜೀರುಂಡೆಯದು 11 ನಿಮಿಷ ಇರಲಿ. ಎರಡೂ ಮತ್ತೆ ಮತ್ತೆ ಮೊದಲಿನಿಂದ ನುಡಿಯುತ್ತಿದ್ದರೆ, ಅದೇ ಜೋಡಿ ಮತ್ತೆ ಕೂಡಿಬರಲು 77 ನಿಮಿಷ ಬೇಕು. ಕೇಳಿದ್ದನ್ನೇ ಕೇಳುತ್ತಿದ್ದೇವೆ ಅನಿಸುವುದೇ ಇಲ್ಲ.

ಸುರಂಗದ ಬಾಯಲ್ಲಿ ಐಆರ್ ಸೆನ್ಸರ್ ಇಟ್ಟರೆ, ರೈಲು ಬಂದಾಗಷ್ಟೇ ಹಾರ್ನ್.

ವಾಲ್ಯೂಮ್ ಮಾತ್ರ ಕಡಿಮೆಯಿರಲಿ. ಪಕ್ಕದವರ ಮಾತು ಸಲೀಸಾಗಿ ಕೇಳಿಸಬೇಕು, ಅಷ್ಟೇ.