ಬಾವಿಯ ನೀರಿಗೆ ಬಣ್ಣದ ಸಾಕ್ಷಿ

ಶಿವಮೊಗ್ಗೆಯ ತುಂಗೆಯೂ ಭದ್ರಾವತಿಯ ಭದ್ರೆಯೂ ಕೂಡಲಿಯಲ್ಲಿ ಒಂದಾಗುವುದನ್ನು ಕಣ್ಣುಳ್ಳವರೆಲ್ಲರೂ ಕಾಣಬಹುದು. ಆದರೆ ಈ ಎರಡು ಊರುಗಳ ನೆಲದಡಿಯಲ್ಲಿ ಸಂಚರಿಸುವ ನೀರಿನ ಹಾದಿಯನ್ನು ಕಂಡವರಾರು? ಇಲ್ಲಿಯದು ಗಟ್ಟಿಬಂಡೆಯ ನೆಲ. ನೀರು ಬಂಡೆಯ ಬಿರುಕುಗಳನ್ನನುಸರಿಸಿ ಸಾಗುವುದರಿಂದ, ಸಮೀಪದ ಬಾವಿಗೆ ಮುಟ್ಟದ ಕೊಳೆಯು ದೂರದ ಬಾವಿಗೆ ಮುಟ್ಟುವುದುಂಟು.

ಭದ್ರಾವತಿಯು ಕಾರ್ಖಾನೆಗಳಿಂದ ಬೆಳೆದ ಊರು. 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ, ಕಟ್ಟಿಗೆಯಿಂದ ಇದ್ದಲನ್ನು ಮಾಡುವಾಗ ಮೆಥನಾಲ್ ಎಂಬ ದ್ರಾವಕವನ್ನೂ ಬಟ್ಟಿಯಿಳಿಸುತ್ತಿದ್ದರು. ಅದು ನೀರಿನೊಡನೆ ಸುಲಭವಾಗಿ ಬೆರೆಯತಕ್ಕದ್ದು. ಲೋಹದ ಜಿಡ್ಡನ್ನು ತೆಗೆಯಲು ಲೋಕದ ನಾನಾ ಕಡೆ ಬಳಸಿದ ಟ್ರೈಕ್ಲೋರೋಎಥಿಲೀನ್ ಬೇರೆ ಸ್ವಭಾವದ್ದು. ಅದು ನೀರಿಗಿಂತ ಸುಮಾರು ಒಂದೂವರೆ ಪಾಲು ಭಾರ. ನೆಲಕ್ಕೆ ಚೆಲ್ಲಿದರೆ ಆಳಕ್ಕಿಳಿದು, ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ನೀರಿನಲ್ಲಿ ಕರಗುತ್ತಿರುತ್ತದೆ. ಅದು ಕ್ಯಾನ್ಸರಿಗೆ ಕಾರಣವಾಗುವುದೆಂದು 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ನಿರ್ಣಯಿಸಿತು. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುವುವು, ದಿಟ; ಈ ದ್ರಾವಕವಾದರೋ ಹಬೆಯೊಡನೆ ಅಡಿಗೆಮನೆಯ ಗಾಳಿಯನ್ನೇ ಸೇರುವುದು.

ಇಂತಹ ಕೊಳೆ ಎತ್ತ ಸಾಗೀತೆಂದು ತಿಳಿಯಲು ಹೊಳೆಯುವ ಬಣ್ಣಗಳು ನೆರವಾಗುತ್ತವೆ. ಅವುಗಳಲ್ಲಿ ಹೆಸರಾದ ಫ್ಲೋರೆಸೀನನ್ನು 1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ತಯಾರಿಸಿದರು. 1877ರಲ್ಲಿ ಆ ದೇಶದ ಡ್ಯಾನ್ಯೂಬ್ ನದಿಯು ನೆಲದೊಳಕ್ಕೆ ಇಂಗಿಹೋಗುವೆಡೆಯಲ್ಲಿ 10 ಕಿಲೋಗ್ರಾಂ ಬಣ್ಣವನ್ನು ಸುರಿದರು. ಸುಮಾರು 60 ಗಂಟೆಗಳ ತರುವಾಯ, 12 ಕಿಲೋಮೀಟರ್ ದೂರದ ಆಖ್ ಊಟೆಯು ಹಸುರಾಗಿ ಹೊಳೆಯಿತು!

ಈಗಿನ ಉಪಕರಣಗಳಿಗೆ ಅಷ್ಟು ಬಣ್ಣ ಬೇಡ. ನೂರು ಕೋಟಿ ಭಾಗ ನೀರಿನಲ್ಲಿ ಒಂದು ಭಾಗವಿದ್ದರೂ ಅವು ಗುರುತಿಸುತ್ತವೆ. ಮೊದಲು ಸುತ್ತಲಿನ ಬಾವಿಗಳ ನೀರನ್ನು ಪರೀಕ್ಷಿಸಿ, ಅನಂತರ ಸಂಶಯದ ಗುಂಡಿಯಲ್ಲಿ ಬಣ್ಣವನ್ನು ಹೊಯ್ಯುತ್ತಾರೆ. ಬಾವಿಗಳಲ್ಲಿ ಇದ್ದಲಿನ ಸಣ್ಣ ಚೀಲಗಳನ್ನು ತೂಗಬಿಡುತ್ತಾರೆ. ಹಾದುಹೋಗುವ ಬಣ್ಣವನ್ನು ಇದ್ದಲು ಹಿಡಿದಿಟ್ಟುಕೊಳ್ಳುತ್ತದೆ. ಬಿಸಿಲಿಗೆ ಫ್ಲೋರೆಸೀನ್ ಕೆಡುವುದರಿಂದ ನೀರಿನ ಮಾದರಿಗಳನ್ನು ಕತ್ತಲೆಯಲ್ಲಿಡುತ್ತಾರೆ.

ಆದರೆ ಬಣ್ಣವು ಹಾದಿಗೆ ಮಾತ್ರ ಸಾಕ್ಷಿ, ವಿಷಕ್ಕಲ್ಲ. ಬಾವಿಯಲ್ಲಿ ಅದು ಕಂಡರೆ ಗುಂಡಿಗೂ ಬಾವಿಗೂ ಸಂಬಂಧವುಂಟೆಂದಾಯಿತು. ದ್ರಾವಕವಿದೆಯೆ ಎಂಬುದನ್ನು ಪ್ರಯೋಗಶಾಲೆಯೇ ಹೇಳಬೇಕು. ಬಣ್ಣವು ಕಾಣದಿದ್ದರೂ ಅಪಾಯವಿಲ್ಲವೆಂದು ನಿಶ್ಚಯಿಸಲಾಗದು. ನೀರಿಗಿಂತ ಭಾರವಾದ ದ್ರಾವಕವು ಬಂಡೆಯ ಬೇರೊಂದು ಬಿರುಕನ್ನು ಹಿಡಿದು ಇಳಿದಿರಬಹುದು.

ಆದುದರಿಂದ ಗೃಹಸ್ಥರು ನೀರಿನ ತಿಳಿಯನ್ನೊಂದನ್ನೇ ನಂಬತಕ್ಕದ್ದಲ್ಲ. ಬಾವಿಯ ನೀರಿಗೆ ಹೊಸ ವಾಸನೆ ಬಂದರೆ ಕುಡಿಯುವುದನ್ನು ನಿಲ್ಲಿಸಿ ಪರೀಕ್ಷೆ ಮಾಡಿಸಬೇಕು. ಬಣ್ಣ ತೆಳುವುಮಾಡುವ ಎಣ್ಣೆಯನ್ನೂ ಜಿಡ್ಡು ತೊಳೆದ ದ್ರವವನ್ನೂ ಹಿತ್ತಲಿಗೆ ಚೆಲ್ಲಬಾರದು. ನಮ್ಮ ಹಿತ್ತಲಿನ ಬಿರುಕು ಯಾರ ಮನೆಯ ಬಾವಿಗೆ ಹಾದಿಯೆಂಬುದನ್ನು ಬಲ್ಲವರಾರು?